ಹಳೆಯ ಪಿಕಪ್ಪು, ತಣ್ಣಗಾಗದ ಗಾಳಿ

(ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ನನಗೆ ಕೊಟ್ಟ ವಿಷಯ ಕೇಳಿ ಕೆಲವರು ನಗಬಹುದು. ಹೋಟೆಲಿನ ಹಳೆಯ ಪಿಕಪ್ಪಿನಲ್ಲಿ ಎ.ಸಿ. ಕೆಟ್ಟರೆ ಅದಕ್ಕೊಂದು ಭಾಷಣವೇ? ಡ್ರೈವರನಿಗೆ ಎ.ಸಿ. ಯಾತಕ್ಕೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೇ ಎಂದು ಕೇಳುವ ಧಣಿಗಳೂ ಇದ್ದಾರೆ. ಅವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಬೆಳಗಿನ ಜಾವ ಮೂರಕ್ಕೆ ಎದ್ದು ವಾಶಿಯ ಮಾರುಕಟ್ಟೆಗೆ ಹೋಗಿ, ಈರುಳ್ಳಿ, ಬಟಾಟೆ, ತೆಂಗಿನಕಾಯಿ ಹೇರಿಕೊಂಡು, ನಾಲ್ಕು ಹೋಟೆಲುಗಳಿಗೆ ಇಳಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ಮತ್ತೆ ಸಿಲಿಂಡರೋ ಅಕ್ಕಿಯೋ ತರಲು ಹೊರಡುವವನು ಮನುಷ್ಯನೇ. ಮೇ ತಿಂಗಳಲ್ಲಿ ಅವನ ತಲೆಯ ಮೇಲೆ ಕಾದ ತಗಡು, ಕಾಲಿನ ಬಳಿ ಕಾದ ಎಂಜಿನ್. ಅಂಥವನಿಗೆ ಅರೆಕ್ಷಣ ಕಣ್ಣು ಮುಚ್ಚಿಬಿಟ್ಟರೆ ನಷ್ಟ ಅವನೊಬ್ಬನದೇ ಆಗುವುದಿಲ್ಲ.

ಸರಕಾರಕ್ಕೂ ಈ ಸಂಗತಿ ತಿಳಿದಿದೆ. ೨೦೨೩ರ ಡಿಸೆಂಬರಿನಲ್ಲಿ ಹೊರಟ ಕೇಂದ್ರದ ಅಧಿಸೂಚನೆಯಂತೆ, ೨೦೨೫ರ ಅಕ್ಟೋಬರ್ ೧ರಿಂದ ತಯಾರಾಗುವ ಲಾರಿಗಳ ಡ್ರೈವರ್ ಕ್ಯಾಬಿನ್ನಿಗೆ ಎ.ಸಿ. ಇರಲೇಬೇಕು. ಆದರೆ ಈ ಕಟ್ಟಳೆ ಒಟ್ಟು ತೂಕ ಮೂರೂವರೆ ಟನ್ನು ಮೀರಿದ ಗಾಡಿಗಳಿಗೆ ಮಾತ್ರ. ನಾವು ಓಡಿಸುವ ಪಿಕಪ್ಪುಗಳು ಆ ಗೆರೆಯ ಕೆಳಗೆ ಬೀಳುತ್ತವೆ. ಹಳೆಯ ಗಾಡಿಗಳ ಮಾತಂತೂ ಅದರಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಕಂಪನಿಯವರೇ ಎ.ಸಿ. ಕೂರಿಸಿಕೊಟ್ಟ, ಹತ್ತು ಹದಿನೈದು ವರ್ಷ ಓಡಿದ ಎರಡು ಸಾಲು ಸೀಟಿನ ಪಿಕಪ್ಪು ನಿಮ್ಮ ಸುಪರ್ದಿಯಲ್ಲಿದ್ದರೆ, ಅದನ್ನು ಕಾಪಾಡಿಕೊಳ್ಳುವ ಉಪಾಯ ನಿಮಗೇ ತಿಳಿದಿರಬೇಕು.

ಗಿರಣಿಯಲ್ಲಿ ದುಡಿದ ಹಿರಿಯರು ಇಲ್ಲಿ ಕುಳಿತಿದ್ದೀರಿ. ತಮಗೆ ಈ ಯಂತ್ರ ಪರಕೀಯವಲ್ಲ. 'ಏರ್ ಕಂಡೀಷನಿಂಗ್' ಎಂಬ ಹೆಸರು ಹುಟ್ಟಿದ್ದೇ ಬಟ್ಟೆ ಗಿರಣಿಯ ಸಹವಾಸದಲ್ಲಿ. ಅಮೆರಿಕದ ಉತ್ತರ ಕೆರೊಲಿನಾದ ಗಿರಣಿ ಎಂಜಿನಿಯರ್ ಸ್ಟುವರ್ಟ್ ಕ್ರೇಮರ್ ೧೯೦೬ರಲ್ಲಿ ಆ ಮಾತನ್ನು ಬಳಕೆಗೆ ತಂದ. ಒಣಗಿದ ಗಾಳಿಯಲ್ಲಿ ನೂಲು ಹರಿಯುತ್ತದೆ, ಅದಕ್ಕೆ ತಕ್ಕ ತೇವ ಕೊಡಬೇಕು ಎಂಬುದು ಅವನ ಚಿಂತೆ. ಅದಕ್ಕೂ ಮೊದಲು ೧೯೦೨ರಲ್ಲಿ ವಿಲ್ಲಿಸ್ ಕ್ಯಾರಿಯರ್ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕೆ ಯಂತ್ರ ರೂಪಿಸಿದ್ದು ಕಾಗದ ತೇವಕ್ಕೆ ಹಿಗ್ಗಿ ಕುಗ್ಗಿ ಬಣ್ಣ ಕದಲದಿರಲಿ ಎಂದು. ಮೊದಲು ಕಾಗದ, ಆಮೇಲೆ ನೂಲು. ಅಲ್ಲಿ ನಿಂತು ಬೆವರುವ ಮನುಷ್ಯನ ಸರದಿ ಬಂದದ್ದು ತಡವಾಗಿ. ಮೋಟಾರಿನಲ್ಲಿ ಅದು ಬಂದದ್ದು ೧೯೩೯ರಲ್ಲಿ, ಪ್ಯಾಕಾರ್ಡ್ ಕಂಪನಿಯ ಶ್ರೀಮಂತರ ಕಾರಿಗೆ. ಪಿಕಪ್ಪಿನ ತನಕ ಇಳಿದು ಬರಲು ಇನ್ನೂ ಬಹಳ ಕಾಲ ಹಿಡಿಯಿತು.

ಇನ್ನು ಯಂತ್ರದ ಒಳಗುಟ್ಟು. ಇದನ್ನು ಗ್ಯಾರೇಜಿನವರು ದೊಡ್ಡ ಮಂತ್ರವಿದ್ಯೆಯಂತೆ ಮಾತಾಡುತ್ತಾರೆ. ಆದರೆ ಅಡುಗೆಮನೆಯಲ್ಲಿ ಕೆಲಸ ಮಾಡಿದವನು ಇದನ್ನು ದಿನವೂ ನೋಡಿರುತ್ತಾನೆ. ದೊಡ್ಡ ಒಲೆಗಳನ್ನೆಲ್ಲ ಒಟ್ಟಿಗೆ ಉರಿಸಿದಾಗ ಗ್ಯಾಸ್ ಸಿಲಿಂಡರಿನ ಹೊರಮೈ ಬೆವರುತ್ತದೆ, ಕೆಲವೊಮ್ಮೆ ಬುಡದಲ್ಲಿ ಬಿಳಿಯ ಹಿಮ ಕಟ್ಟುತ್ತದೆ. ಯಾಕೆ? ಒಳಗಿರುವುದು ದ್ರವ. ಅದು ಕುದಿದು ಆವಿಯಾಗಿ ಒಲೆಗೆ ಹೋಗಬೇಕಾದರೆ ಶಾಖ ಬೇಕು. ಆ ಶಾಖವನ್ನು ಅದು ಸಿಲಿಂಡರಿನ ಮೈಯಿಂದಲೇ ಕಿತ್ತುಕೊಳ್ಳುತ್ತದೆ. ಈಗ ಇಡ್ಲಿ ಪಾತ್ರೆಯ ಮುಚ್ಚಳ ನೆನೆಸಿಕೊಳ್ಳಿ. ಅಲ್ಲಿ ನಡೆಯುವುದು ಇದರ ತಿರುವು: ಆವಿ ಮುಚ್ಚಳಕ್ಕೆ ತಾಗಿ ಮತ್ತೆ ನೀರಾಗುತ್ತದೆ, ಹೊತ್ತು ತಂದ ಶಾಖವನ್ನು ಮುಚ್ಚಳಕ್ಕೆ ಒಪ್ಪಿಸುತ್ತದೆ. ಮುಚ್ಚಳ ಮುಟ್ಟಿದವನ ಕೈ ಸುಡುವುದು ಅದಕ್ಕೇ. ಎ.ಸಿ. ಎಂದರೆ ಈ ಎರಡನ್ನೂ ಕೊಳವೆಯಿಂದ ಕೂಡಿಸಿ ಸುತ್ತು ತಿರುಗಿಸುವುದು, ಅಷ್ಟೆ. ಅದು ತಂಪನ್ನು ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಸುರಿಯುತ್ತದೆ.

ನಮ್ಮ ಪಿಕಪ್ಪುಗಳಲ್ಲಿ ಸುತ್ತುವ ವಸ್ತು ಸಾಮಾನ್ಯವಾಗಿ ಆರ್ ೧೩೪ಎ ಎಂಬ ಗ್ಯಾಸು. ಬಯಲಿಗೆ ಬಿಟ್ಟರೆ ಅದು ಸೊನ್ನೆಗಿಂತ ೨೬ ಡಿಗ್ರಿ ಕೆಳಗೇ ಕುದಿಯುತ್ತದೆ. ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಆ ಆವಿಯನ್ನು ಹೀರಿ ಅದುಮಿ ಬಿಸಿ ಮಾಡಿ ಕಳಿಸುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಹೊರಗಾಳಿ ತಾಗಿ ಅದು ದ್ರವವಾಗುತ್ತದೆ. ಅದೇ ನಮ್ಮ ಇಡ್ಲಿ ಪಾತ್ರೆಯ ಮುಚ್ಚಳ. ಡ್ರೈಯರ್ ಎಂಬ ಡಬ್ಬಿ ಅದರಲ್ಲಿರುವ ತೇವವನ್ನು ಹಿಡಿದಿಡುತ್ತದೆ. ಮುಂದೆ ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ಕಂಡಿಯಲ್ಲಿ ನುಸುಳಿದೊಡನೆ ಒತ್ತಡ ಬಿದ್ದುಹೋಗಿ, ಡ್ಯಾಶ್‌ಬೋರ್ಡಿನ ಒಳಗಿನ ಕೂಲಿಂಗ್ ಕಾಯಿಲಿನಲ್ಲಿ ಕುದಿಯತೊಡಗುತ್ತದೆ. ಅದು ಹಿಮ ಕಟ್ಟಿದ ಸಿಲಿಂಡರು. ಬ್ಲೋವರ್ ಫ್ಯಾನು ಅದರ ಮೇಲೆ ಗಾಳಿ ಊದಿ ನಿಮ್ಮ ಮುಖಕ್ಕೆ ಕಳಿಸುತ್ತದೆ. ಗಾಳಿಯ ತೇವ ಅಲ್ಲಿ ನೀರಾಗಿ ಗಾಡಿಯ ಕೆಳಗೆ ತೊಟ್ಟಿಕ್ಕುತ್ತದೆ. ಆ ತೊಟ್ಟು ಕಂಡು ಗಾಬರಿಯಾಗಬೇಡಿ, ಸಂತೋಷಪಡಿ. ಆದರೆ ಅದು ಪುಕ್ಕಟೆ ಬರುವುದಿಲ್ಲ: ಒಂದು ಲೀಟರು ನೀರು ಹೀಗೆ ಹನಿಸಲು ಹೆಚ್ಚುಕಡಿಮೆ ಒಂದು ಲೀಟರು ಕುದಿನೀರನ್ನು ಒಲೆಯ ಮೇಲೆ ಪೂರ್ತಿ ಇಂಗಿಸುವಷ್ಟು ಶಾಖವನ್ನು ಯಂತ್ರ ಹೊರಬೇಕು. ಮುಂಬಯಿಯ ಜಿಗುಟು ಸೆಖೆಯಲ್ಲಿ ಎ.ಸಿ. ಒಳನಾಡಿಗಿಂತ ಹೆಚ್ಚು ಏದುಸಿರು ಬಿಡುವುದು ಈ ಕಾರಣದಿಂದ.

ಈಗ ಗಾಡಿಯ ಬಳಿಗೆ ಬನ್ನಿ. ತಣ್ಣಗಾಗುವುದಿಲ್ಲ ಎಂದ ಕೂಡಲೆ 'ಗ್ಯಾಸ್ ಖಾಲಿ' ಎನ್ನುವವನ ಮಾತಿಗೆ ತಲೆದೂಗಬೇಡಿ. ಮೊದಲು ನೋಡಬೇಕಾದದ್ದು ಗಾಳಿ ಬರುತ್ತಿದೆಯೇ ಎಂದು. ಹೋಟೆಲಿನ ಪಿಕಪ್ಪಿನ ಬ್ಲೋವರಿನೊಳಗಿಂದ ನಾನು ತೆಗೆದ ಈರುಳ್ಳಿ ಸಿಪ್ಪೆ, ಕೊತ್ತಂಬರಿ ಕಡ್ಡಿ, ಹಿಟ್ಟು ಸೇರಿದ ಧೂಳು ಕೂಡಿಟ್ಟಿದ್ದರೆ ಒಂದು ಹಸುವಿನ ಹೊಟ್ಟೆ ತುಂಬುತ್ತಿತ್ತು. ಹಳೆಯ ಪಿಕಪ್ಪುಗಳಲ್ಲಿ ಅನೇಕಕ್ಕೆ ಒಳಗಾಳಿಯ ಫಿಲ್ಟರೇ ಇರುವುದಿಲ್ಲ. ಕಸವೆಲ್ಲ ನೇರ ಕಾಯಿಲಿಗೆ ಅಂಟುತ್ತದೆ. ಕಾಯಿಲು ಎಷ್ಟು ತಣ್ಣಗಿದ್ದರೇನು, ಗಾಳಿ ದಾಟಬೇಕಲ್ಲ! ಇದಕ್ಕೆ ಬೇಕಾದದ್ದು ಸಫಾಯಿ, ಗ್ಯಾಸಲ್ಲ.

ಎರಡನೆಯದು ಹೀಟರು. ಮುಂಬಯಿಯಲ್ಲಿ ಹೀಟರನ್ನು ಯಾರೂ ಹಾಕುವುದಿಲ್ಲ, ಹಾಗಾಗಿ ಯಾರೂ ನೋಡುವುದೂ ಇಲ್ಲ. ಹಳೆಯ ಗಾಡಿಯಲ್ಲಿ ಬಿಸಿನೀರಿನ ವಾಲ್ವನ್ನೋ ಗಾಳಿಯ ಬಾಗಿಲನ್ನೋ ಎಳೆಯುವುದು ಒಂದು ತಂತಿ. ಆ ತಂತಿ ಜಾರಿದರೆ ಅಥವಾ ವಾಲ್ವು ಪೂರ್ತಿ ಮುಚ್ಚದಿದ್ದರೆ, ಒಂದು ಕಡೆ ಎ.ಸಿ. ತಣಿಸುತ್ತದೆ, ಇನ್ನೊಂದು ಕಡೆ ಎಂಜಿನ್ನಿನ ಬಿಸಿನೀರು ಅದೇ ಗಾಳಿಯನ್ನು ಕಾಯಿಸುತ್ತದೆ. ಇಂಥ ಗಾಡಿಗೆ ಎಷ್ಟು ಗ್ಯಾಸ್ ತುಂಬಿದರೂ ನೀರಿನಲ್ಲಿ ಹೋಮ.

ಮೂರನೆಯದು ಕಿವಿಗೆ ಸಂಬಂಧಪಟ್ಟದ್ದು. ಎಂಜಿನ್ ಚಾಲೂ ಇರುವಾಗ ಎ.ಸಿ. ಗುಂಡಿ ಒತ್ತಿದರೆ ಕಂಪ್ರೆಸರಿನ ಮ್ಯಾಗ್ನೆಟ್ ಕ್ಲಚ್ಚು 'ಟಕ್' ಎಂದು ಹಿಡಿಯಬೇಕು. ಪುಲ್ಲಿಯ ಮುಂದಿನ ತಟ್ಟೆ ಪುಲ್ಲಿಯ ಜೊತೆಗೇ ತಿರುಗಬೇಕು. ತಿರುಗದಿದ್ದರೆ ಕಂಪ್ರೆಸರ್ ಸತ್ತಿದೆ ಎಂದು ಅರ್ಥವಲ್ಲ. ಫ್ಯೂಸು, ರಿಲೇ, ವಯರು ಇವುಗಳಲ್ಲಿ ಯಾವುದೂ ಆಗಿರಬಹುದು. ಇನ್ನೊಂದು ಸಂಗತಿಯಿದೆ: ಗ್ಯಾಸು ತೀರ ಕಡಿಮೆಯಾದಾಗ ಕ್ಲಚ್ಚು ಹಿಡಿಯದಂತೆ ತಡೆಯುವ ಒಂದು ಪ್ರೆಷರ್ ಸ್ವಿಚ್ಚಿರುತ್ತದೆ. ಅದು ಯಂತ್ರದ ಕಾವಲುಗಾರ. ಕಂಪ್ರೆಸರಿಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಯಲ್ಲೇ ಸುತ್ತುತ್ತದೆ. ಗ್ಯಾಸಿಲ್ಲದೆ ತಿರುಗಿಸಿದರೆ ಎಣ್ಣೆಯಿಲ್ಲದೆ ತಿರುಗಿಸಿದಂತೆ. ಆ ಸ್ವಿಚ್ಚಿಗೆ ತಂತಿ ಸುತ್ತಿ 'ನೋಡಿ, ಚಾಲೂ ಆಯಿತು' ಎಂದು ತೋರಿಸುವ ಮೇಸ್ತ್ರಿಯ ಕೈಯಿಂದ ಗಾಡಿಯ ಕೀಲಿ ಹಿಂದಕ್ಕೆ ತೆಗೆದುಕೊಳ್ಳಿ.

ಹೆದ್ದಾರಿಯಲ್ಲಿ ಓಡುವಾಗ ತಣ್ಣಗೆ, ಸಯನ್ ಸರ್ಕಲಿನಲ್ಲಿ ನಿಂತಾಗ ಬಿಸಿ. ಇದು ಬಹಳ ಮಂದಿಯ ದೂರು. ಇದರಲ್ಲಿ ದೋಷ ಸಾಮಾನ್ಯವಾಗಿ ಕಂಡೆನ್ಸರಿನ ಮೇಲೆ ಸಾಕಷ್ಟು ಗಾಳಿ ಹಾಯದಿರುವುದು. ಫ್ಯಾನು ತಿರುಗುತ್ತಿಲ್ಲ, ಎಂಜಿನ್ನಿನ ಫ್ಯಾನಿನ ಹಿಡಿತ ಸಡಿಲವಾಗಿದೆ, ಅಥವಾ ಕಂಡೆನ್ಸರಿನ ರೆಕ್ಕೆಗಳಲ್ಲಿ ಕೆಸರು ತುಂಬಿದೆ. ಖಾತ್ರಿ ಮಾಡಿಕೊಳ್ಳಲು ಒಂದು ಬಡವರ ಪರೀಕ್ಷೆ ಇದೆ: ಗಾಡಿ ನಿಂತಲ್ಲೇ ಚಾಲೂ ಇಟ್ಟು, ಮುಂದಿನ ಜಾಲರಿಯ ಮೂಲಕ ಕಂಡೆನ್ಸರಿನ ಮೇಲೆ ಒಂದು ಬಕೆಟ್ಟು ನೀರನ್ನು ನಿಧಾನವಾಗಿ ಚಿಮುಕಿಸಿ. ಒಳಗಿನ ಗಾಳಿ ಕೂಡಲೆ ತಣ್ಣಗಾದರೆ ಗ್ಯಾಸಿನ ತಂಟೆಗೆ ಹೋಗಬೇಕಾಗಿಲ್ಲ. ಫ್ಯಾನು ನೋಡಿಸಿ, ಕಂಡೆನ್ಸರು ತೊಳೆಸಿ. ಕೈ ಮಾತ್ರ ಫ್ಯಾನಿನಿಂದ ದೂರವಿರಲಿ.

ಹತ್ತು ನಿಮಿಷ ತಣ್ಣಗೆ ಬಂದು ಆಮೇಲೆ ನಿಂತುಹೋಗುವ ಕಾಯಿಲೆ ಎಲ್ಲಕ್ಕಿಂತ ತಂಟೆಯದು, ಗ್ಯಾರೇಜಿನವರು ಹೆಚ್ಚು ಹಣ ಕೀಳುವುದೂ ಇದರಲ್ಲೇ. ಆ ಹೊತ್ತಿನಲ್ಲಿ ನೀವು ಡ್ರೈವರ್ ಸೀಟಿನಲ್ಲಿ ಕುಳಿತು ಗಮನಿಸಿದರೆ ಮೇಸ್ತ್ರಿಗಿಂತ ಚೆನ್ನಾಗಿ ರೋಗ ಹಿಡಿಯಬಲ್ಲಿರಿ. ಗಾಳಿಯ ರಭಸವೇ ಕಡಿಮೆಯಾಯಿತೇ? ಹಾಗಾದರೆ ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟಿ ದಾರಿ ಮುಚ್ಚಿದೆ. ತಣಿವು ಅಳೆದು ಕಂಪ್ರೆಸರನ್ನು ನಿಲ್ಲಿಸುವ ಥರ್ಮೋಸ್ಟಾಟು ಕೆಟ್ಟಿರಬಹುದು, ಕಾಯಿಲಿನಲ್ಲಿ ಕಸವಿರಬಹುದು. ಗಾಳಿ ಅದೇ ರಭಸದಿಂದ ಬರುತ್ತಿದ್ದು, ಕ್ಲಚ್ಚೂ ತಿರುಗುತ್ತಿದ್ದು, ಬರೇ ಬೆಚ್ಚಗಾಯಿತೇ? ಒಳಗೆ ತೇವ ಸೇರಿಕೊಂಡಿದೆ. ಆ ಒಂದು ಹನಿ ನೀರು ಎಕ್ಸ್‌ಪಾನ್ಷನ್ ವಾಲ್ವಿನ ಕಂಡಿಯಲ್ಲಿ ಹೆಪ್ಪುಗಟ್ಟಿ ಹಾದಿ ಕಟ್ಟುತ್ತದೆ. ಸ್ವಲ್ಪ ಹೊತ್ತು ಆರಿಸಿದರೆ ಕರಗುತ್ತದೆ, ಮತ್ತೆ ಕಟ್ಟುತ್ತದೆ. ಇದಕ್ಕೆ ಡ್ರೈಯರ್ ಬದಲಿಸಿ ವ್ಯಾಕ್ಯೂಮ್ ಹಾಕಬೇಕು. ಇನ್ನು ಎಂಜಿನ್ ಬಿಸಿಯಾದ ಮೇಲೆ ಕ್ಲಚ್ಚೇ ಬಿಟ್ಟುಹೋಗುತ್ತದೆಯೇ? ಸವೆದು ಸವೆದು ಕ್ಲಚ್ಚಿನ ತಟ್ಟೆಗೂ ಪುಲ್ಲಿಗೂ ನಡುವಿನ ಸಂದು ಅಗಲವಾಗಿರಬಹುದು. ಸಾಧಾರಣವಾಗಿ ಅದು ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿರಬೇಕು. ಬಿಸಿಯಾದ ಅಯಸ್ಕಾಂತದ ಸುರುಳಿಗೆ ಬಲ ಕಡಿಮೆ, ಅಗಲ ಸಂದನ್ನು ಅದು ಎಳೆಯಲಾರದು. ತೆಳುವಾದ ಒಂದು ವಾಷರು ತೆಗೆದರೆ ಎಷ್ಟೋ ಕ್ಲಚ್ಚುಗಳು ಮತ್ತೆ ಹಿಡಿಯುತ್ತವೆ. ಮೂರೂ ದೋಷಕ್ಕೆ ಡ್ರೈವರನ ದೂರು ಒಂದೇ, 'ಸ್ವಲ್ಪ ಹೊತ್ತು ಚೆನ್ನಾಗಿತ್ತು' ಎಂದು. ಖರ್ಚು ಮಾತ್ರ ಅಜಗಜಾಂತರ.

ಗೇಜಿನ ಲೆಕ್ಕ ಸ್ವಲ್ಪ ಹೇಳುತ್ತೇನೆ. ಮೇಸ್ತ್ರಿ ಗೇಜು ಹಾಕಿದಾಗ ನೀವು ಬಾನೆಟ್ಟಿನ ಪಕ್ಕ ನಿಂತು ಓದಬೇಕು. ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮುನ್ನ, ಹೊರಗೆ ೩೦ ಡಿಗ್ರಿ ಇದ್ದರೆ, ಎರಡೂ ಗೇಜುಗಳು ಸುಮಾರು ೯೫ರಿಂದ ೧೦೦ ಪೌಂಡು ತೋರಿಸುತ್ತವೆ. 'ನೋಡಿ, ನೂರು ಪೌಂಡು ಇದೆ, ಗ್ಯಾಸ್ ತುಂಬಿದೆ' ಎಂದರೆ ನಂಬಬೇಡಿ. ಅಡುಗೆ ಸಿಲಿಂಡರಿನಲ್ಲಿ ಅರ್ಧ ಇದ್ದರೂ ಕಾಲು ಇದ್ದರೂ ಒಲೆಯ ಉರಿ ಒಂದೇ, ಕೊನೆಯ ಹನಿ ದ್ರವ ತೀರಿದಾಗ ಮಾತ್ರ ಸೋಲುತ್ತದೆ. ಇಲ್ಲಿಯೂ ಹಾಗೆಯೇ. ಎಷ್ಟಿದೆ ಎಂಬುದು ತಕ್ಕಡಿಗೆ ಮಾತ್ರ ಗೊತ್ತು. ಆದರೆ ಆ ತಣ್ಣನೆಯ ಗಾಡಿಯಲ್ಲಿ ೧೨೦ ತೋರಿಸಿತೆಂದರೆ ಒಳಗೆ ಗಾಳಿಯೋ ಬೇರೆ ಯಾವುದೋ ಗ್ಯಾಸೋ ಬೆರೆತಿದೆ. ಚಾಲೂ ಮಾಡಿದ ಮೇಲೆ, ನಮ್ಮ ಊರಿನ ಸೆಖೆಯಲ್ಲಿ, ಕೆಳಗಿನ ಒತ್ತಡ ಸುಮಾರು ೩೦ರಿಂದ ೪೫, ಮೇಲಿನದು ೧೮೦ರಿಂದ ೨೫೦ ಇದ್ದರೆ ಕ್ಷೇಮ. ಎರಡೂ ಕಡಿಮೆಯಾದರೆ ಗ್ಯಾಸು ಸೋರಿದೆ. ಎರಡೂ ಹೆಚ್ಚಾದರೆ ಗ್ಯಾಸು ಅತಿಯಾಗಿದೆ, ಇಲ್ಲವೆ ಕಂಡೆನ್ಸರು ಉಸಿರಾಡುತ್ತಿಲ್ಲ. ಕೆಳಗಿನದು ಹೆಚ್ಚು, ಮೇಲಿನದು ಕಡಿಮೆ, ಹೀಗೆ ಎರಡೂ ಒಂದರ ಹತ್ತಿರ ಇನ್ನೊಂದು ಬಂದು ನಿಂತರೆ ಆಗ ಮಾತ್ರ ಕಂಪ್ರೆಸರಿನ ಬಲ ಕುಂದಿದೆ ಎಂದು ಶಂಕಿಸಬೇಕು.

ಕುಂದಾಪುರದ ಕಡೆಯ ನಮ್ಮ ಒಬ್ಬ ಹುಡುಗ ಉಪನಗರದ ಹೋಟೆಲೊಂದರ ಪಿಕಪ್ಪು ಓಡಿಸುತ್ತಾನೆ. ಎರಡು ಬೇಸಿಗೆ ಒಂದೇ ಗ್ಯಾರೇಜಿನಲ್ಲಿ ಗ್ಯಾಸು ತುಂಬಿಸಿದ. ಪ್ರತಿ ಸಲವೂ ತಿಂಗಳು ಒಂದೂವರೆ ತಿಂಗಳಿಗೆ ತೀರಿತು. ಮೂರನೆಯ ಬೇಸಿಗೆ ಕ್ಲಚ್ಚೇ ಹಿಡಿಯದಾದಾಗ 'ಕಂಪ್ರೆಸರ್ ಹೋಯಿತು, ಹದಿನೆಂಟು ಸಾವಿರ' ಎಂದರು. ಧಣಿಗೆ ಸಿಟ್ಟು ಬಂತು. ಗಾಡಿ ನಿನ್ನ ಕೈಯಲ್ಲಿ ಕೆಟ್ಟದ್ದು, ಅರ್ಧ ನಿನ್ನ ಸಂಬಳದಲ್ಲಿ ಮುರಿಯುತ್ತೇನೆ ಎಂದರು. ಹುಡುಗ ಅಳುಮೋರೆ ಹಾಕಿಕೊಂಡು ಬಂದು, 'ಅಣ್ಣಾ, ಊರಿಗೆ ಹಣ ಕಳಿಸುವುದು ಹೇಗೆ?' ಎಂದ. ಗಾಡಿ ನೋಡಿದೆ. ಗ್ಯಾಸು ತುಂಬುವ ಮೂತಿಯ ಮುಚ್ಚಳ ಇರಲಿಲ್ಲ, ಸುತ್ತ ಎಣ್ಣೆಯ ಜಿಡ್ಡಿಗೆ ಧೂಳು ಅಂಟಿತ್ತು. ಗ್ಯಾಸು ಸೋರುವಲ್ಲಿ ಎಣ್ಣೆಯೂ ಸೋರುತ್ತದೆ, ಅದೇ ಕಳ್ಳನ ಹೆಜ್ಜೆ. ಸಾಬೂನು ನೊರೆ ಸವರಿದೆ, ಗುಳ್ಳೆ ಎದ್ದಿತು. ಸೈಕಲ್ ಟ್ಯೂಬಿನ ವಾಲ್ವಿನಂಥ ಸಣ್ಣ ಮುಳ್ಳು, ಬೆಲೆ ಒಂದು ಊಟಕ್ಕಿಂತ ಕಡಿಮೆ. ಎರಡು ವರ್ಷ ತೂತು ಕೊಡಕ್ಕೆ ನೀರು ಹೊಯ್ದಿದ್ದರು. ಮುಳ್ಳು ಬದಲಾಯಿಸಿ, ಒಂದು ಗಟ್ಟಿಯಾದ ಓ-ರಿಂಗ್ ತೆಗೆದು ಹೊಸದು ಹಾಕಿ, ಡ್ರೈಯರ್ ಹೊಸದು ಕೂರಿಸಿ, ವ್ಯಾಕ್ಯೂಮ್ ಎಳೆದು, ಚೀಟಿಯಲ್ಲಿದ್ದಷ್ಟೇ ಗ್ಯಾಸು ತೂಗಿ ಹಾಕಿದೆವು. ಕ್ಲಚ್ಚು ಹಿಡಿಯಿತು. ಕಂಪ್ರೆಸರ್ ಇಂದಿಗೂ ಅದೇ.

ಸಂಬಳದ ಮಾತು ಬಂತು, ಬಿಡದೆ ಹೇಳುತ್ತೇನೆ. ೧೯೩೬ರ ವೇತನ ಪಾವತಿ ಕಾಯಿದೆಯ ಕಾಲದಿಂದಲೂ ನಿಯಮ ಇದೆ: ಕೆಲಸಗಾರನ ಅಲಕ್ಷ್ಯದಿಂದಲೇ ನಷ್ಟವಾಯಿತೆಂದು ತೋರದೆ, ಅವನ ಸಮಜಾಯಿಷಿ ಕೇಳದೆ, ನಷ್ಟದ ಹೆಸರಿನಲ್ಲಿ ಸಂಬಳ ಮುರಿಯುವಂತಿಲ್ಲ. ೨೦೧೯ರ ವೇತನ ಸಂಹಿತೆಯಲ್ಲೂ ಆ ಮಾತು ಉಳಿದಿದೆ. ಹತ್ತು ವರ್ಷದ ರಬ್ಬರ್ ಬಳೆ ಒಣಗಿ ಬಿರುಕು ಬಿಟ್ಟದ್ದು ಯಾವ ಡ್ರೈವರನ ಅಲಕ್ಷ್ಯವೂ ಅಲ್ಲ. ಇಷ್ಟನ್ನು ಸಂಘದ ಇಬ್ಬರು ಹೋಗಿ ಸಮಾಧಾನವಾಗಿ ತಿಳಿಸಿದಾಗ ಆ ಧಣಿಯವರು ಒಪ್ಪಿಕೊಂಡರು. ಅವರಿಗೂ ಹದಿನೆಂಟು ಸಾವಿರ ಉಳಿದಿತ್ತಲ್ಲ!

ವ್ಯಾಕ್ಯೂಮ್ ಎಂದೆ. ಇದರಲ್ಲಿ ಕಳ್ಳತನ ಬಹಳ. ಕೊಳವೆ ಬಿಚ್ಚಿದ ಮೇಲೆ ಒಳಗೆ ಗಾಳಿ, ತೇವ ನುಗ್ಗುತ್ತವೆ. ೩೦ ಡಿಗ್ರಿಯಲ್ಲಿ ನೀರು ಕುದಿದು ಆವಿಯಾಗಬೇಕಾದರೆ ಒಳಗಿನ ಒತ್ತಡ ಹೊರಗಾಳಿಯ ೨೪ರಲ್ಲಿ ಒಂದು ಪಾಲಿಗೆ ಇಳಿಯಬೇಕು; ಅದಕ್ಕೆ ಪಂಪು ಬೇಕು, ಅರ್ಧ ಗಂಟೆಗೆ ಕಡಿಮೆಯಿಲ್ಲದ ಹೊತ್ತೂ ಬೇಕು. ಆಮೇಲೆ ಪಂಪು ನಿಲ್ಲಿಸಿ ಮುಳ್ಳು ಅಲ್ಲಾಡದೆ ನಿಲ್ಲುವುದೇ ಎಂದು ನೋಡಬೇಕು. ಐದು ನಿಮಿಷ 'ಬುಸ್' ಎನಿಸಿ ಗ್ಯಾಸ್ ಬಿಡುವವನು ನಿಮ್ಮ ಹಣವನ್ನೇ ಗಾಳಿಗೆ ಬಿಡುತ್ತಿದ್ದಾನೆ. ಸೋರಿಕೆ ನೋಡಲು ಟಯರಿಗೆ ಹೊಡೆಯುವ ಗಾಳಿ ತುಂಬಿಸಲೂಬಾರದು, ಅದರ ತೇವ ಒಳಗೇ ಉಳಿಯುತ್ತದೆ. ಆಮ್ಲಜನಕವಂತೂ ಕೂಡದೇ ಕೂಡದು, ಎಣ್ಣೆಗೆ ತಾಗಿದರೆ ಸಿಡಿಯುತ್ತದೆ. ಒಣ ನೈಟ್ರೋಜನ್ನೇ ಆಗಬೇಕು.

ಅಗ್ಗದ ಗ್ಯಾಸಿನ ಆಸೆಗೆ ಬೀಳಬೇಡಿ. ಅಡುಗೆ ಸಿಲಿಂಡರಿನ ಗ್ಯಾಸನ್ನೇ ಎ.ಸಿ.ಗೆ ತುಂಬುವ ಜಾಣರಿದ್ದಾರೆ. ತಣ್ಣಗೆ ಮಾಡುತ್ತದೆ, ನಿಜ. ಆದರೆ ಕೂಲಿಂಗ್ ಕಾಯಿಲು ಸೋರಿದರೆ ಅದು ಬರುವುದು ನೀವು ಬೀಡಿ ಹಚ್ಚುವ ಕ್ಯಾಬಿನ್ನಿನೊಳಕ್ಕೆ. ಹೋಟೆಲಿನವರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಕಲಬೆರಕೆ ಗ್ಯಾಸು ಇನ್ನೂ ಕೆಟ್ಟದು. ಮೀಥೈಲ್ ಕ್ಲೋರೈಡ್ ಬೆರೆಸಿದ ನಕಲಿ ೧೩೪ಎ ಅಲ್ಯೂಮಿನಿಯಮ್ಮಿನೊಂದಿಗೆ ಸೇರಿ ತಾನಾಗಿ ಹೊತ್ತಿಕೊಳ್ಳುವ ವಸ್ತುವಾಗುತ್ತದೆ. ೨೦೧೧ರಲ್ಲಿ ಹಡಗಿನ ಶೈತ್ಯಪೆಟ್ಟಿಗೆಗಳು ಹೀಗೆ ಸಿಡಿದು ಮೂವರು ಕೆಲಸಗಾರರು ಸತ್ತರು. ಮುಚ್ಚಳ ಮುದ್ರೆ ಒಡೆಯದ ಡಬ್ಬಿಯಿಂದಲೇ ತುಂಬಿಸಿ. ದ್ರವ ಕಣ್ಣಿಗೆ ಚಿಮ್ಮಿದರೆ ಕಣ್ಣು ಹೆಪ್ಪುಗಟ್ಟುತ್ತದೆ. ಕನ್ನಡಕವಿಲ್ಲದೆ ಕೊಳವೆ ಬಿಚ್ಚಬೇಡಿ. ಹಳೆಯ ಗ್ಯಾಸನ್ನು ಬಯಲಿಗೆ ಬಿಡುವುದೂ ತಪ್ಪು: ಒಂದು ಕಿಲೋ ೧೩೪ಎ ಭೂಮಿಯನ್ನು ಕಾಯಿಸುವುದರಲ್ಲಿ ಸಾವಿರದ ನಾನೂರು ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ತೀರ ಮುದಿ ಗಾಡಿಯಲ್ಲಿ ಆರ್ ೧೨ ಎಂದು ಬರೆದಿದ್ದರೆ, ಅದು ಓಜೋನ್ ಪದರಕ್ಕೆ ಕೇಡೆಂದು ೧೯೮೭ರ ಮಾಂಟ್ರಿಯಲ್ ಒಪ್ಪಂದದಂತೆ ಕೈಬಿಟ್ಟ ಗ್ಯಾಸು. ಎಣ್ಣೆ, ಡ್ರೈಯರ್, ರಬ್ಬರ್ ಬಳೆ ಬದಲಿಸದೆ ಅದರ ಮೇಲೆ ೧೩೪ಎ ಸುರಿಯಬಾರದು.

ಒಂದು ಎಚ್ಚರಿಕೆಯನ್ನು ಮಾತ್ರ ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕು. ಮಾರುಕಟ್ಟೆ ತೆರೆಯುವ ತನಕ ಗಾಜು ಏರಿಸಿ, ಎಂಜಿನ್ ಚಾಲೂ ಇಟ್ಟು, ಎ.ಸಿ. ಹಾಕಿಕೊಂಡು ಮಲಗುವ ಅಭ್ಯಾಸ ನಮ್ಮವರಲ್ಲಿದೆ. ಹಳೆಯ ಗಾಡಿಯ ಹೊಗೆಕೊಳವೆ ಬಿರುಕು ಬಿಟ್ಟಿರುತ್ತದೆ, ಕ್ಯಾಬಿನ್ನಿನ ತಳದಲ್ಲಿ ತುಕ್ಕಿನ ತೂತುಗಳಿರುತ್ತವೆ. ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವನು ಏಳುವುದಿಲ್ಲ. ಎಂಜಿನ್ ಆರಿಸಿ, ಗಾಜು ಇಳಿಸಿ, ಸೊಳ್ಳೆ ಕಚ್ಚಿದರೆ ಕಚ್ಚಲಿ.

ಬಿಲ್ಲಿನ ಬಗ್ಗೆ: ಎಷ್ಟು ಗ್ರಾಂ ಗ್ಯಾಸು ಹಾಕಿದರು, ಎಲ್ಲಿ ಸೋರುತ್ತಿತ್ತು, ಎಷ್ಟು ಹೊತ್ತು ವ್ಯಾಕ್ಯೂಮ್ ಎಳೆದರು ಎಂದು ಬರೆಸಿಕೊಳ್ಳಿ, ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಗಾಡಿ ತೆಗೆದುಕೊಳ್ಳುವ ಮುನ್ನ ಅಡುಗೆಮನೆಯ ಉಷ್ಣಮಾಪಕವೊಂದನ್ನು ನಡುವಿನ ಗಾಳಿಕಂಡಿಯಲ್ಲಿ ಸಿಕ್ಕಿಸಿ, ಒಳಗಾಳಿಯೇ ಸುತ್ತುವಂತೆ ಇಟ್ಟು ಹತ್ತು ನಿಮಿಷ ನೋಡಿ. ಸೆಖೆಯ ದಿನದಲ್ಲೂ ೧೦ರಿಂದ ೧೪ ಡಿಗ್ರಿಯ ಹತ್ತಿರ ಬಂದರೆ ಕೆಲಸ ಆಗಿದೆ. ಮಳೆಗಾಲದಲ್ಲಿ, ಚಳಿಗಾಲದಲ್ಲಿ ಬೇಡವೆನಿಸಿದರೂ ವಾರಕ್ಕೆ ಹತ್ತು ನಿಮಿಷ ಎ.ಸಿ. ಓಡಿಸಿ; ಕಂಪ್ರೆಸರಿನ ಸೀಲಿಗೆ ಎಣ್ಣೆ ಮುಟ್ಟಿದರೆ ಅದು ಒಣಗುವುದಿಲ್ಲ. ಕಾಲಿನ ಬಳಿ ನೀರು ನಿಂತರೆ ಕಾಯಿಲಿನ ಕೆಳಗಿನ ನೀರಿನ ಕೊಳವೆಗೆ ಕಸ ಕಟ್ಟಿರುತ್ತದೆ, ಅದನ್ನು ಬಿಡಿಸಲು ಯಾವ ಗ್ಯಾರೇಜೂ ಬೇಡ.

ಗೇಜು ಮತ್ತು ಸಾಬೂನು ನೀರು ತಂದಿದ್ದೇನೆ. ಕೆಳಗೆ ಅಂಗಳದಲ್ಲಿ ಎರಡು ಪಿಕಪ್ಪುಗಳು ನಿಂತಿವೆಯಂತೆ. ಚಹಾ ಕುಡಿದು ಬನ್ನಿ, ಬಾನೆಟ್ಟು ಎತ್ತಿಯೇ ನೋಡೋಣ.